ಸ್ವಂತ ಕಾಮಿಕ್ಸ್ ಪ್ರಿಂಟ್‌ಗೆ ಕೊಡೋ ಮುಂಚೆ

ಮೊದಲು ಪುಟದ ಲೆಕ್ಕ ಸರಿ ಮಾಡ್ಕೊಳ್ಳಿ. ಮಧ್ಯಕ್ಕೆ ಪಿನ್ ಹೊಡೆಯೋ ಪುಸ್ತಕದ ಪುಟಗಳು 4ರ ಮಗ್ಗಿಯಲ್ಲೇ ಬರಬೇಕು: 16, 24, 32. ಕತೆ 22ಕ್ಕೇ ಮುಗೀತಾ? ಉಳಿದೆರಡರಲ್ಲಿ ಪೆನ್ಸಿಲ್ ಸ್ಕೆಚ್ ಹಾಕಿ, ಓದುಗರಿಗೆ ಅದೇ ಜಾಸ್ತಿ ಇಷ್ಟ ಆಗೋದೂ ಉಂಟು.

ನಿಜವಾದ ತಲೆನೋವು ಕನ್ನಡ ಅಕ್ಷರದ್ದು. ಪುಟ ಜೋಡಿಸೋ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ "ಅಜ್ಜಿ" ಒಡೆದು "ಅಜ್‌ಜಿ" ಆಗ್ತಿದ್ದರೆ ಫಾಂಟನ್ನು ಬೈಯಬೇಡಿ. ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಲ್ಲಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸೋ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತೆ, ಹಾಗಾಗಿ ಇಂಗ್ಲಿಷ್ ಅಳತೆಯ ಬಲೂನು (ಮಾತಿನ ಗುಳ್ಳೆ) ಸಾಲಲ್ಲ. ಮಾತು ಮೊದಲು ಜೋಡಿಸಿ, ಆಮೇಲೆ ಸುತ್ತ ಬಲೂನು ಬಿಡಿಸಿ. ಅಕ್ಷರದ ಬಣ್ಣ ಬರೀ ಕಪ್ಪು ಇಂಕಿನದ್ದಿರಲಿ. ನಾಲ್ಕೂ ಬಣ್ಣ ಸೇರಿಸಿದ ಕಪ್ಪಾದರೆ, ಒಂದೊಂದು ಬಣ್ಣ ಅಚ್ಚೊತ್ತೋ ಪ್ಲೇಟ್ ಕೂದಲೆಳೆ ಜರುಗಿದರೂ ಸಣ್ಣ ಅಕ್ಷರದ ಅಂಚಲ್ಲಿ ಬಣ್ಣ ಇಣುಕುತ್ತೆ.

ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ, ಸುತ್ತ 3 ಮಿ.ಮೀ. ಬ್ಲೀಡ್ ಬಿಡಿ, ಅಂದ್ರೆ ಅಂಚು ಕತ್ತರಿಸುವಾಗ ಬಿಳಿ ಉಳಿಯದಂತೆ ಚಿತ್ರವನ್ನು ಪುಟದಾಚೆಗೂ ಚಾಚಿ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ಯಾರಿಗೂ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಕೊಡುತ್ತೆ, ಲೇಖಕರೇ ಅರ್ಜಿ ಹಾಕಬಹುದು. ಆದ್ರೆ ಪುಸ್ತಕ ಅಚ್ಚಿಗೆ ಹೋಗೋ ಸಾಕಷ್ಟು ಮುಂಚೆಯೇ ಹಾಕಿ.