ಮನೆ ಕಂಪ್ಯೂಟರಿನ ಬ್ಯಾಕಪ್: ಹಾರ್ಡ್ ಡಿಸ್ಕಿಗೆ ಏನು, ಕ್ಲೌಡಿಗೆ ಏನು?

ಮೇ ತಿಂಗಳು ಬಂತೆಂದರೆ ಮುಂಬಯಿಯ ಮನೆಗಳಲ್ಲಿ ಮಳೆಗಾಲದ ತಯಾರಿ ಶುರು. ಕಿಟಕಿ ಮೇಲಿನ ಶೀಟು ಸರಿ ಮಾಡಿಸುತ್ತೇವೆ, ಸೋರುವ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸುತ್ತೇವೆ, ಕಪಾಟಿನ ಮೂಲೆಯಿಂದ ಛತ್ರಿ ಹುಡುಕಿ ತೆಗೆಯುತ್ತೇವೆ. ಕಂಪ್ಯೂಟರಿನಲ್ಲಿ ಕೂತಿರುವ ಹತ್ತಿಪ್ಪತ್ತು ವರ್ಷದ ಫೋಟೊ, ಕಾಗದಪತ್ರಗಳ ನೆನಪು ಮಾತ್ರ ಆಗುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಆಗ ಮನೆ ಕಂಪ್ಯೂಟರ್ ಎಂದರೆ ಹೆಚ್ಚಾಗಿ ಡೆಸ್ಕ್‌ಟಾಪ್. ಅದರ ಸಿಪಿಯು ಡಬ್ಬ ಇರುತ್ತಿದ್ದದ್ದು ಮೇಜಿನ ಕೆಳಗೆ, ನೆಲದ ಮೇಲೆ. ನೆಲಮಹಡಿಗೆ ನೀರು ನುಗ್ಗಿದರೆ ಮೊದಲು ಮುಳುಗುವ ಜಾಗ ಅದೇ.

ಈಗ ಬ್ಯಾಕಪ್ ಬೇಕು ಅಂತ ಎಲ್ಲರಿಗೂ ಗೊತ್ತು. ಎಲ್ಲಿ ಇಡುವುದು ಎನ್ನುವಲ್ಲಿ ಗೊಂದಲ. ಹಾರ್ಡ್ ಡಿಸ್ಕ್ ಕೊಳ್ಳುವುದೋ, ಆನ್‌ಲೈನಿನಲ್ಲಿ ಜಾಗಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುವುದೋ? ನನ್ನ ಪ್ರಕಾರ ಎರಡೂ ಬೇಕು. ಆದರೆ ಎಲ್ಲವನ್ನೂ ಎರಡೂ ಕಡೆ ತುಂಬಬೇಕಾಗಿಲ್ಲ. ಹಾರ್ಡ್ ಡಿಸ್ಕ್ ಹಾಳಾಗುವುದು ನೀರಿನಿಂದ, ಪೆಟ್ಟಿನಿಂದ, ವೋಲ್ಟೇಜ್ ಏರುಪೇರಿನಿಂದ. ಇಲ್ಲವೇ ಕಳ್ಳ ಹೊತ್ತೊಯ್ಯುತ್ತಾನೆ. ಕ್ಲೌಡ್, ಅಂದರೆ ಆ ಆನ್‌ಲೈನ್ ಜಾಗ, ಕೈಕೊಡುವುದು ಪಾಸ್‌ವರ್ಡ್ ಮರೆತಾಗ, ಬಾಡಿಗೆ ಕಟ್ಟದಿದ್ದಾಗ, ಕಂಪನಿಯೇ ಸೇವೆ ನಿಲ್ಲಿಸಿದಾಗ. ಒಂದಕ್ಕೆ ಬರುವ ಆಪತ್ತು ಇನ್ನೊಂದಕ್ಕೆ ಬರುವುದಿಲ್ಲ. ಆದ್ದರಿಂದಲೇ ಎರಡೂ ಬೇಕು.

ನಿಮ್ಮ ಹತ್ತಿರ ನಿಜಕ್ಕೂ ಎರಡು ಪ್ರತಿ ಇದೆಯಾ?

ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ. ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಮೇಷ್ಟ್ರೊಬ್ಬರು ಒಂದು ದಿನ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದರು. ಅದರಲ್ಲಿ ಅವರ ತಂದೆಯವರ ತಾಳಮದ್ದಳೆಯ ರೆಕಾರ್ಡಿಂಗ್‌ಗಳಿದ್ದವು. ಹಳೆ ಕ್ಯಾಸೆಟ್‌ಗಳಿಂದ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಟ್ಟದ್ದು. ಕೇಬಲ್ ಚುಚ್ಚಿದರೆ ಲೈಟು ಹತ್ತುತ್ತದೆ, ಒಳಗಿನಿಂದ ಟಿಕ್, ಟಿಕ್, ಟಿಕ್ ಎಂಬ ಸದ್ದು. ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ. ಪರದೆ ಮೇಲೆ ಡ್ರೈವ್ ಬರುವುದೇ ಇಲ್ಲ.

'ಬ್ಯಾಕಪ್ ಮಾಡಿದ್ದೆನಲ್ಲಾ ಮಾರಾಯ್ರೇ, ಇದಕ್ಕೇ ಹಾಕಿದ್ದೆ' ಎಂದರು.

'ಕಂಪ್ಯೂಟರಿನಲ್ಲಿ ಇದೆಯಲ್ವಾ ಮೇಷ್ಟ್ರೇ?'

'ಅಲ್ಲಿ ಜಾಗ ಇರಲಿಲ್ಲ. ಇದಕ್ಕೆ ಹಾಕಿ ಅಲ್ಲಿಂದ ಅಳಿಸಿದೆ.'

ಇದು ತುಂಬಾ ಮನೆಗಳ ಕತೆ. ಜಾಗ ಖಾಲಿ ಮಾಡಲು ಫೈಲನ್ನು ಹೊರಗಿನ ಡಿಸ್ಕಿಗೆ ಸಾಗಿಸಿದರೆ ಅದು ಬ್ಯಾಕಪ್ ಆಗುವುದಿಲ್ಲ. ಇದ್ದ ಒಂದು ಪ್ರತಿ ಜಾಗ ಬದಲಿಸಿತು, ಅಷ್ಟೇ. ಸಿ ಡ್ರೈವಿನಿಂದ ಡಿ ಡ್ರೈವಿಗೆ ಕಾಪಿ ಮಾಡಿ ನೆಮ್ಮದಿಯಾಗಿ ಇರುವವರೂ ಇದ್ದಾರೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ.

ಆ ಟಿಕ್ ಟಿಕ್ ಸದ್ದು ಕೇಳಿದರೆ ತಕ್ಷಣ ಕೇಬಲ್ ಕಿತ್ತುಬಿಡಿ. ಒಳಗೆ ತಿರುಗುವ ತಟ್ಟೆಯ ಮೇಲೆ, ಕೆಲವೇ ನ್ಯಾನೊಮೀಟರ್ ಅಂತರದಲ್ಲಿ, ಓದುವ ಹೆಡ್ ಓಡಾಡುತ್ತಿರುತ್ತದೆ. ಅದು ಕೆಟ್ಟಿದ್ದರೆ, ಮತ್ತೆ ಮತ್ತೆ ಚುಚ್ಚಿ ನೋಡಿದಷ್ಟೂ ತಟ್ಟೆ ಗೀಚಿಹೋಗಬಹುದು. ಡೇಟಾ ತೆಗೆದುಕೊಡುವ ಅಂಗಡಿಗಳಿವೆ. ಆದರೆ ಡಿಸ್ಕ್ ಬಿಚ್ಚಬೇಕಾಗಿ ಬಂದರೆ ಖರ್ಚು ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ, ಮೇಲಾಗಿ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ.

ಮತ್ತೆ ಸಿಗದೇ ಇರುವುದನ್ನು ಬೇರೆ ಮಾಡಿ

ಈ ಕೆಲಸಕ್ಕೆ ಒಂದು ಭಾನುವಾರ ಮೀಸಲಿಡಿ. ಇಳಿಸಿಕೊಂಡ ಸಿನಿಮಾ, ತಂತ್ರಾಂಶಗಳು ಹೋದರೆ ಹೋಗಲಿ, ಮತ್ತೆ ಸಿಗುತ್ತವೆ. ಮನೆಯ ಎಗ್ರಿಮೆಂಟ್, ಸೊಸೈಟಿಯ ಶೇರ್ ಸರ್ಟಿಫಿಕೇಟ್, ಪಾಸ್‌ಪೋರ್ಟ್, ಊರಿನ ಜಾಗದ ಪಹಣಿ, ಮಕ್ಕಳ ಅಂಕಪಟ್ಟಿ, ಆದಾಯ ತೆರಿಗೆಯ ಕಾಗದ ಇವುಗಳ ಸ್ಕ್ಯಾನ್ ಪ್ರತಿಗಳು ಮುಖ್ಯ. ಅಜ್ಜಿಯ ಧ್ವನಿ, ಮದುವೆ ಫೋಟೊ, ನೀವೇ ಬರೆದದ್ದು ಇವು ಇನ್ನೂ ಮುಖ್ಯ, ಏಕೆಂದರೆ ಯಾವ ಕಚೇರಿಗೆ ಅರ್ಜಿ ಹಾಕಿದರೂ ಇವು ಸಿಗುವುದಿಲ್ಲ. ಇವೆಲ್ಲವನ್ನೂ ಒಂದೇ ಫೋಲ್ಡರಿಗೆ ತನ್ನಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಎಷ್ಟು ಜಿಬಿ ಅಂತ ತಿಳಿಯುತ್ತದೆ. ಎಷ್ಟು ಜಾಗ ಬೇಕು ಎನ್ನುವುದು ಈ ಲೆಕ್ಕದ ಮೇಲೆ ನಿಂತಿದೆ. ಮದುವೆಯ ಡಿವಿಡಿ ಇನ್ನೂ ಕಪಾಟಿನಲ್ಲೇ ಇದ್ದರೆ ಅದನ್ನೂ ಈಗಲೇ ಕಾಪಿ ಮಾಡಿಕೊಳ್ಳಿ. ಡಿವಿಡಿ ಹಾಕುವ ಲ್ಯಾಪ್‌ಟಾಪ್ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿದೆ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಸಂಘಗಳ ಸ್ಮರಣ ಸಂಚಿಕೆ, ಆಮಂತ್ರಣ, ನಾಟಕದ ಹಸ್ತಪ್ರತಿಗಳಲ್ಲಿ ಎಷ್ಟೋ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಆದದ್ದು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್. ಅದು ಬಳಕೆಗೆ ಬರುವ ಮೊದಲಿನ ಆ ಫೈಲು ಹೊಸ ಕಂಪ್ಯೂಟರಿನಲ್ಲಿ ತೆರೆದರೆ, ಫಾಂಟ್ ಇಲ್ಲದಿದ್ದರೆ, ಕಾಣುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಫೈಲು ಭದ್ರವಾಗಿದ್ದರೂ ಓದಲು ಬರುವುದಿಲ್ಲ. ಆದ್ದರಿಂದ ಫಾಂಟುಗಳನ್ನೂ ಅದೇ ಫೋಲ್ಡರಿಗೆ ಕಾಪಿ ಮಾಡಿ. ಹಳೆ ಕಂಪ್ಯೂಟರ್ ನಡೆಯುತ್ತಿರುವಾಗಲೇ ಪ್ರತಿಯೊಂದರದ್ದೂ ಪಿಡಿಎಫ್ ಮಾಡಿಡಿ. ಸಾಧ್ಯವಾದರೆ ಯೂನಿಕೋಡಿಗೂ ಬದಲಿಸಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಪುಟ ಜೋಡಿಸುವ ಹಳೆ ತಂತ್ರಾಂಶ ಪೇಜ್‌ಮೇಕರಿನಲ್ಲಿ ಮಾಡಿದ ಪುಟಗಳಿದ್ದರೆ ಪಿಡಿಎಫ್ ಮಾಡುವುದು ಇನ್ನೂ ತುರ್ತು. ಆ ತಂತ್ರಾಂಶದ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ.

ಹಾರ್ಡ್ ಡಿಸ್ಕ್: ಎಲ್ಲದಕ್ಕೂ

ಕಂಪ್ಯೂಟರಿನಲ್ಲಿರುವ ಎಲ್ಲದರ ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ. ನಿಮ್ಮ ಡೇಟಾದ ಎರಡು ಪಟ್ಟಾದರೂ ಜಾಗ ಇರುವುದನ್ನು ಕೊಳ್ಳಿ. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ. ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ವಿಂಡೋಸ್ 1,024ರ ಲೆಕ್ಕ ಹಾಕುತ್ತದೆ. ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಬಿಲ್ಲು, ವಾರಂಟಿ ಇರುವ ಡಿಸ್ಕನ್ನೇ ತೆಗೆದುಕೊಳ್ಳಿ. ಐನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಅಂತ ಯಾರಾದರೂ ಕೊಟ್ಟರೆ ದಯವಿಟ್ಟು ಬೇಡ. ಒಳಗೆ ಚಿಕ್ಕ ಚಿಪ್ ಇಟ್ಟು ದೊಡ್ಡದು ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿಸುತ್ತಾರೆ. ಕಾಪಿ ಆದ ಹಾಗೆ ಕಾಣುತ್ತದೆ, ಫೈಲ್ ತೆರೆಯುವುದಿಲ್ಲ. ಅನುಮಾನ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಬಹುದು.

ವಿಂಡೋಸಿನಲ್ಲಿ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಫೈಲ್ ಹಿಸ್ಟರಿ ಆನ್ ಮಾಡಿ. ಡಿಸ್ಕ್ ಚುಚ್ಚಿರುವಾಗ ಅದು ಗಂಟೆಗೊಮ್ಮೆ ಬದಲಾದ ಫೈಲುಗಳನ್ನು ತಾನೇ ಕಾಪಿ ಮಾಡುತ್ತದೆ, ಹಳೆ ರೂಪವನ್ನೂ ಇಟ್ಟುಕೊಳ್ಳುತ್ತದೆ. ಒಂದು ಎಚ್ಚರ: ಅದು ನೋಡುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇಂಥ ಫೋಲ್ಡರುಗಳನ್ನು ಮಾತ್ರ. ನಮ್ಮಲ್ಲಿ ಫೋಟೊಗಳೆಲ್ಲ ಡಿ ಡ್ರೈವಿನಲ್ಲಿ ಇಡುವ ರೂಢಿ ಜಾಸ್ತಿ. ಆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಕ್ಲೂಡ್ ಇನ್ ಲೈಬ್ರರಿ' ಕೊಡದಿದ್ದರೆ ಅದು ಬ್ಯಾಕಪ್ ಆಗುವುದೇ ಇಲ್ಲ. ಮ್ಯಾಕ್ ಇದ್ದವರಿಗೆ ಕೆಲಸ ಸುಲಭ, 2007ರಿಂದಲೂ ಟೈಮ್ ಮಷೀನ್ ಜೊತೆಗೇ ಬರುತ್ತಿದೆ.

ಕೆಲಸ ಮುಗಿದ ಮೇಲೆ ಡಿಸ್ಕನ್ನು ಇಜೆಕ್ಟ್ ಕೊಟ್ಟು ಕಿತ್ತು ಇಡಿ. ಸದಾ ಚುಚ್ಚಿಯೇ ಬಿಡಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಜಗತ್ತಿನ ಎಷ್ಟೋ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು. ಅಂಥವು ಕಂಪ್ಯೂಟರಿಗೆ ಅಂಟಿಕೊಂಡಿರುವ ಡಿಸ್ಕನ್ನೂ ಬಿಡುವುದಿಲ್ಲ. ಕಿತ್ತಿಟ್ಟ ಡಿಸ್ಕಿಗೆ ಅವು ಏನೂ ಮಾಡಲಾರವು. ಇಡುವ ಜಾಗ ಕಪಾಟಿನ ಮೇಲಿನ ಅರೆಯಲ್ಲಿರಲಿ. ಗಾಳಿಯಾಡದ ಡಬ್ಬದಲ್ಲಿ, ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ. ಜುಲೈ ತಿಂಗಳ ನಮ್ಮ ತೇವಕ್ಕೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕೇಬಲಿನ ತುದಿ ತುಕ್ಕು ಹಿಡಿಯದೇ ಇರುತ್ತದೆಯೇ?

ಕ್ಲೌಡ್: ಅಮೂಲ್ಯವಾದ ಸ್ವಲ್ಪಕ್ಕೆ

ಬೇರೆ ಮಾಡಿಟ್ಟ ಆ ಫೋಲ್ಡರ್ ಕ್ಲೌಡಿಗೂ ಹೋಗಲಿ. ಗೂಗಲ್ 15 ಜಿಬಿ ಉಚಿತ ಕೊಡುತ್ತದೆ, ಆದರೆ ಜಿಮೇಲ್, ಫೋಟೊ, ಡ್ರೈವ್ ಮೂರೂ ಅದರಲ್ಲೇ. ಒನ್‌ಡ್ರೈವ್ ಮತ್ತು ಐಕ್ಲೌಡ್ ತಲಾ 5 ಜಿಬಿ. ಕಾಗದಪತ್ರಗಳಿಗೆ ಇಷ್ಟು ಧಾರಾಳ ಸಾಕು. ಫೋಟೊ, ವಿಡಿಯೊ ಸೇರಿಸಿದರೆ ದುಡ್ಡು ಕಟ್ಟಬೇಕಾಗುತ್ತದೆ.

ಎಲ್ಲವನ್ನೂ ಏಕೆ ಹಾಕಬಾರದು? ಹಾಕಬಹುದು, ಆದರೆ ಲೆಕ್ಕ ನೋಡಿ. ಇಂಟರ್‌ನೆಟ್ ಪ್ಲ್ಯಾನಿನಲ್ಲಿ ದೊಡ್ಡದಾಗಿ ಬರೆದಿರುವುದು ಡೌನ್‌ಲೋಡ್ ವೇಗ ಆಗಿರಬಹುದು. ನಿಮಗೆ ಬೇಕಾದದ್ದು ಅಪ್‌ಲೋಡ್ ವೇಗ. ಅದು 10 ಎಂಬಿಪಿಎಸ್ ಇದ್ದರೆ 500 ಜಿಬಿ ಏರಿಸಲು ಹಗಲೂ ರಾತ್ರಿ ನಾಲ್ಕೂವರೆ ದಿನಕ್ಕಿಂತ ಜಾಸ್ತಿ ಬೇಕು. 50 ಇದ್ದರೆ ಸುಮಾರು 22 ಗಂಟೆ. ಅದೇ ವೇಗದಲ್ಲಿ 40 ಜಿಬಿಯ ಅಮೂಲ್ಯ ಫೋಲ್ಡರ್ ಆದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಹಾರ್ಡ್ ಡಿಸ್ಕಿಗಾದರೋ ಯುಎಸ್‌ಬಿ 3 ಕೇಬಲಿನಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕರೆ ಆ 500 ಜಿಬಿಗೆ ಒಂದೂವರೆ ಗಂಟೆ ಸಾಕು. ಚಿಕ್ಕ ಚಿಕ್ಕ ಫೈಲುಗಳು ಬಹಳ ಇದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ.

ಇನ್ನೊಂದು ಮಾತು ಎಲ್ಲರೂ ತಿಳಿದಿರಬೇಕು. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮಾಡುವುದು ಮುಖ್ಯವಾಗಿ ಸಿಂಕ್, ಅಂದರೆ ಎರಡೂ ಕಡೆ ಒಂದೇ ಥರ ಇಡುವುದು. ಮನೆಯ ಕಂಪ್ಯೂಟರಿನಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಯಿತು. ಮಗು ಆಟವಾಡುತ್ತಾ ಫೋಲ್ಡರ್ ಅಳಿಸಿ, ನಿಮಗೆ ಗೊತ್ತಾಗುವಾಗ ಎರಡು ತಿಂಗಳು ಕಳೆದಿದ್ದರೆ ಸಿಂಕ್ ಉಳಿಸುವುದಿಲ್ಲ. ಬ್ಯಾಕ್‌ಬ್ಲೇಜ್, ಐಡ್ರೈವ್ ಮುಂತಾದವು ಬ್ಯಾಕಪ್‌ಗೆಂದೇ ಇರುವ ಸೇವೆಗಳು. ಹಿಂದೆ ಕೂತು ಸುಮ್ನೆ ತಮ್ಮ ಕೆಲಸ ಮಾಡುತ್ತವೆ, ಫೈಲಿನ ಹಳೆ ರೂಪಗಳನ್ನೂ ಇಡುತ್ತವೆ. ಹೆಚ್ಚು ಡೇಟಾ ಇರುವ ಫೋಟೊಗ್ರಾಫರು, ಡಿಟಿಪಿ ಮಾಡುವವರಿಗೆ ಇವೇ ಸರಿ. ಅಳಿಸಿದ ಫೈಲನ್ನು ಎಷ್ಟು ದಿನ ಇಡುತ್ತಾರೆ ಎಂದು ನೋಡಿಯೇ ದುಡ್ಡು ಕಟ್ಟಿ.

ಕ್ಲೌಡ್ ಶಾಶ್ವತ ಎಂದು ನಂಬಿ ಕೂರುವುದೂ ಬೇಡ. ಕ್ರ್ಯಾಶ್‌ಪ್ಲಾನ್ ಎಂಬ ಹೆಸರಾಂತ ಸೇವೆ 2017ರಲ್ಲಿ ಮನೆ ಗಿರಾಕಿಗಳನ್ನು ಬಿಡುವುದಾಗಿ ಹೇಳಿತು. ಗೂಗಲ್ ಫೋಟೋಸಿನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮವೂ ಈಗ ಇದೆ.

ಎರಡನೇ ಡಿಸ್ಕ್ ಊರಿಗೆ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ದೂರ. ಬ್ಯಾಕಪ್ ಮಾಡುವವರೆಲ್ಲ ಹೇಳುವ ಸೂತ್ರ ಇದು. ದೂರ ಎಂಬುದು ಮುಂಬಯಿ ಕನ್ನಡಿಗರಿಗೆ ಕಷ್ಟವೇ ಅಲ್ಲ. ನಮಗೆ ಊರಿದೆ. ವರ್ಷಕ್ಕೊಮ್ಮೆ ಮತ್ಸ್ಯಗಂಧ ರೈಲಿನಲ್ಲೋ ಹುಬ್ಬಳ್ಳಿ ಬಸ್ಸಿನಲ್ಲೋ ಹೋಗುವವರು ಎರಡನೇ ಡಿಸ್ಕಿಗೂ ಎಲ್ಲ ತುಂಬಿ ಜೊತೆಗೆ ಒಯ್ಯಿರಿ. ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಹಾಕದೆ ಕೈಚೀಲದಲ್ಲಿ, ಬಟ್ಟೆ ಸುತ್ತಿ. ಮುಂದಿನ ವರ್ಷ ಮನೆಯ ಡಿಸ್ಕನ್ನು ಅಲ್ಲಿಟ್ಟು ಅಲ್ಲಿಯದನ್ನು ತನ್ನಿ. ಕರಾವಳಿಯಲ್ಲೂ ತೇವ ಕಡಿಮೆಯೇನಿಲ್ಲ, ಆದ್ದರಿಂದ ಡಬ್ಬ, ಸಿಲಿಕಾ ಜೆಲ್ ಅಲ್ಲೂ ಬೇಕು.

ದಾರಿಯಲ್ಲಿ ಕಳೆದುಹೋದರೆ ಪಾಸ್‌ಪೋರ್ಟ್ ಪ್ರತಿ ಯಾರದೋ ಕೈಗೆ ಸಿಗಬಾರದು. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರಿನಿಂದ ಡಿಸ್ಕಿಗೆ ಪಾಸ್‌ವರ್ಡ್ ಹಾಕಿ. ಹೋಮ್ ಆವೃತ್ತಿಯವರಿಗೆ ವೆರಾಕ್ರಿಪ್ಟ್ ಉಚಿತವಾಗಿ ಸಿಗುತ್ತದೆ. ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದಿಡಿ, ಆ ಡೈರಿ ಡಿಸ್ಕಿನ ಜೊತೆ ಬೇಡ.

ತೆರೆದು ನೋಡಿ

ಆರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೆಯವರ ಕಂಪ್ಯೂಟರಿಗೆ ಚುಚ್ಚಿ. ತೀರಾ ಹಳೆಯ ಒಂದು ಫೋಟೊ, ಕಳೆದ ತಿಂಗಳ ಒಂದು ಕಾಗದ, ಒಂದು ಕನ್ನಡ ಫೈಲು, ಒಂದು ಉದ್ದದ ವಿಡಿಯೊ ತೆರೆಯಿರಿ. ವಿಡಿಯೊವನ್ನು ಕೊನೆಯವರೆಗೂ ಓಡಿಸಿ ನೋಡಿ, ಅರ್ಧ ಕಾಪಿಯಾದದ್ದು ಅಲ್ಲೇ ಗೊತ್ತಾಗುವುದು. ಕ್ಲೌಡಿನಿಂದಲೂ ಒಂದೆರಡು ಫೈಲು ಇಳಿಸಿ ನೋಡಿ.

ಕೊನೆಗೆ ಖಾತೆಯ ಕೆಲಸ. ನಿವೃತ್ತಿಯಾಗಿ ಊರಿಗೆ ಹೋದವರು ಮುಂಬಯಿಯ ಮೊಬೈಲ್ ನಂಬರ್ ಬಿಡುತ್ತಾರೆ. ಓಟಿಪಿ ಮಾತ್ರ ಆ ನಂಬರಿಗೇ ಹೋಗುತ್ತಿರುತ್ತದೆ, ತಮ್ಮದೇ ಫೋಟೊ ತಮಗೆ ಸಿಗದ ಹಾಗಾಗುತ್ತದೆ. ನಂಬರ್ ಬಿಡುವ ಮೊದಲು ಖಾತೆಯಲ್ಲಿ ಹೊಸ ನಂಬರ್ ಸೇರಿಸಿ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ, ಎರಡು ಹಂತದ ಪರಿಶೀಲನೆ ಆನ್ ಮಾಡಿದವರಿಗೆ, 10 ಬ್ಯಾಕಪ್ ಕೋಡ್‌ಗಳು ಸಿಗುತ್ತವೆ. ಮುದ್ರಿಸಿ ಮನೆಪತ್ರದ ಫೈಲಿನಲ್ಲಿಡಿ. ಗೂಗಲ್ ಖಾತೆಯಲ್ಲೇ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಹುಡುಕಿ, ಮಗಳದ್ದೋ ಮಗನದ್ದೋ ಹೆಸರು ಕೊಡಿ. ನೀವು ಹೇಳಿದಷ್ಟು ತಿಂಗಳು ಖಾತೆ ತೆರೆಯದಿದ್ದರೆ ಅವರಿಗೆ ಸುದ್ದಿ ಹೋಗುತ್ತದೆ, ಫೈಲುಗಳನ್ನು ಇಳಿಸಿಕೊಳ್ಳಲು ಮೂರು ತಿಂಗಳ ಅವಕಾಶವೂ ಸಿಗುತ್ತದೆ. ಐಫೋನ್ ಇರುವವರಿಗೆ, ತಾವು ತೀರಿಕೊಂಡ ಮೇಲೆ ಮನೆಯವರಿಗೆ ಫೈಲು ಸಿಗುವಂತೆ ಮಾಡಲು, ಲೆಗಸಿ ಕಾಂಟ್ಯಾಕ್ಟ್ ಇದೆ. ಹೆಸರು ಕೊಟ್ಟ ದಿನವೇ ಅವರಿಗೆ ಫೋನ್ ಮಾಡಿ, ಡಿಸ್ಕ್ ಯಾವ ಕಪಾಟಿನಲ್ಲಿದೆ ಎಂಬುದನ್ನೂ ಹೇಳಿಬಿಡಿ.