ಇಳಿತದ ಹೊತ್ತು ನೋಡಿ ಹೊರಡಿ: ಅಳಿವೆಗೆ ಶಾಲಾ ಹೊರಸಂಚಾರ

ಯಾಣ, ಗೋಕರ್ಣ, ಮುರ್ಡೇಶ್ವರಗಳನ್ನು ಒಂದೇ ದಿನ ಸುತ್ತಿಸುವ ಪ್ರವಾಸದಲ್ಲಿ ಮಕ್ಕಳ ಹೆಚ್ಚಿನ ಹೊತ್ತು ಬಸ್ಸಿನೊಳಗೇ ಕಳೆಯುತ್ತದೆ. ನಿಸರ್ಗವನ್ನು ಕಲಿಸುವುದೇ ಉದ್ದೇಶವಾದರೆ ಒಂದೇ ಜಾಗ ಸಾಕು. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ, ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ (ನದಿ ಕಡಲನ್ನು ಸೇರುವ ಜಾಗ) ಅಂಥದ್ದು.

ಇಲ್ಲಿ ವೇಳಾಪಟ್ಟಿಯನ್ನು ನಿರ್ಧರಿಸಬೇಕಾದದ್ದು ಶಾಲೆಯ ಗಂಟೆಯಲ್ಲ, ಭರತ-ಇಳಿತ, ಅಂದರೆ ಕಡಲ ನೀರಿನ ಏರಿಳಿತ. ಭರತದ ಹೊತ್ತಿಗೆ ಹೋದರೆ ಕಾಣುವುದು ಬರೀ ನೀರು. ಇಳಿತದಲ್ಲಿ ಹೋದರೆ ಉಪ್ಪಟಿ ಎಂಬ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಸುತ್ತ ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳು, ಏಡಿಯ ಬಿಲಗಳು, ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಜನ, ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಕಳೆದ ವಾರದ ಲೆಕ್ಕ ಈ ವಾರಕ್ಕೆ ಬಾರದು. ಆದ್ದರಿಂದ ಉಬ್ಬರವಿಳಿತದ ಪಟ್ಟಿಯನ್ನು ನೋಡಿ, ಊರಿನ ಮೀನುಗಾರರನ್ನೂ ಕೇಳಿಯೇ ದಿನವನ್ನು ಗೊತ್ತುಮಾಡಿ, ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ತಲುಪಿ.

ಮಕ್ಕಳನ್ನು ಕರೆದೊಯ್ಯುವ ಮುನ್ನ ಶಿಕ್ಷಕರು ಒಮ್ಮೆ ಇಳಿತದ ವೇಳೆಯಲ್ಲೇ ಆ ದಾರಿಯನ್ನು ನಡೆದು ನೋಡಬೇಕು. ಕೆಸರು ಎಲ್ಲಿ ಆಳ, ನೆರಳು ಎಲ್ಲಿದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಚಿಪ್ಪು ಕಾಲನ್ನು ಕೊಯ್ಯುವುದರಿಂದ ಕ್ಯಾನ್ವಾಸ್ ಶೂ ಕಡ್ಡಾಯ. ಪಾಲಕರ ಒಪ್ಪಿಗೆಪತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹತ್ತು ಮಕ್ಕಳಿಗೊಬ್ಬ ಹಿರಿಯರು ಇರಲಿ.

ಸ್ಥಳದಲ್ಲಿ ಭಾಷಣ ಬೇಡ. ಪ್ರತಿ ಗುಂಪಿಗೆ ಒಂದು ಮೀಟರ್ ಚದರದ ಹಗ್ಗದ ಚೌಕವನ್ನು ಕೊಟ್ಟು, ಅದರೊಳಗಿನ ಬೇರು, ಬಿಲ, ಚಿಪ್ಪುಗಳನ್ನು ಎಣಿಸಿ ಬರೆಯಲು ಹೇಳಿ. ಬಳಚು ಹೆಕ್ಕುವವರನ್ನು ಮಾತನಾಡಿಸುವ ಮುನ್ನ ಮಕ್ಕಳು ಅವರ ಒಪ್ಪಿಗೆ ಕೇಳಲಿ, ಏಕೆಂದರೆ ಅದು ಅವರ ದುಡಿಮೆಯ ಹೊತ್ತು. ಸಮಯ ಉಳಿದರೆ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿಯನ್ನೂ (ಅಳಿವೆಯಂಚಿನ ಗದ್ದೆ) ತೋರಿಸಬಹುದು.

ಮೌಲ್ಯಮಾಪನಕ್ಕೆ ‘ನಾನು ಕಂಡ ಪ್ರವಾಸ’ ಎಂಬ ಪ್ರಬಂಧ ನನಗೆ ಸಾಲದು. ಅದರಲ್ಲಿ ಬೆಳಗಿನ ತಿಂಡಿಯೇ ಅರ್ಧಪುಟ ತುಂಬುತ್ತದೆ. ಹೋಗುವ ಮುನ್ನ ಕಾಂಡ್ಲಾ ಗಿಡದ ಚಿತ್ರವೊಂದನ್ನು ಬರೆಸಿ, ಬಂದ ಒಂದು ವಾರದ ಮೇಲೆ ನೆನಪಿನಿಂದಲೇ ಇನ್ನೊಂದನ್ನು ಬರೆಸಿ, ಎರಡನ್ನೂ ಪಕ್ಕಪಕ್ಕದಲ್ಲಿಡಿ. ಎರಡನೆಯದರಲ್ಲಿ ಬೇರುಗಳು ಬಂದಿವೆಯೇ, ಭರತದ ನೀರು ಮುಟ್ಟುವ ಎತ್ತರವನ್ನು ಮಗು ಗುರುತಿಸಿದೆಯೇ, ಕೆಸರಿನಲ್ಲಿ ಜೀವಿಗಳಿವೆಯೇ ಎಂದು ನೋಡಿ. ಹೆಚ್ಚಿನ ಚಿತ್ರಗಳಲ್ಲಿ ಬೇರುಗಳೇ ಇಲ್ಲದಿದ್ದರೆ ತಪ್ಪು ಮಕ್ಕಳದ್ದಲ್ಲ. ನಾವು ಅಲ್ಲಿ ಅವಸರಪಟ್ಟಿದ್ದೇವೆ ಎಂದರ್ಥ. ಚಿತ್ರಗಳಲ್ಲಿ ಕಂಡದ್ದನ್ನು, ಅಳಿವೆಗೆ ತಲುಪಿದ ವೇಳೆ ಮತ್ತು ಇಳಿತದ ವೇಳೆಗಳೊಂದಿಗೆ ಶಾಲೆಯ ದಾಖಲೆಯಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಕರೆದೊಯ್ಯುವ ಶಿಕ್ಷಕರು ಅಲ್ಲಿಂದಲೇ ತಯಾರಿ ಆರಂಭಿಸಬಹುದು.