ಹಳೆಯ 32-ಬಿಟ್ ಪಿಸಿಯಲ್ಲಿ ಓಪನ್‌ಬಿಎಸ್‌ಡಿ ಸ್ನ್ಯಾಪ್‌ಶಾಟ್ ಪರೀಕ್ಷಿಸುವುದು ಹೇಗೆ

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಓಎಸ್‌ನಲ್ಲಿ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ (ಓಎಸ್‌ನ ತಿರುಳು) ಇಲ್ಲ. ಪೆಂಟಿಯಂ 3 ಅಥವಾ ಪೆಂಟಿಯಂ ಎಂ ಕಾಲದ ಯಂತ್ರ ಇಟ್ಟುಕೊಂಡವರಿಗೆ ಉಳಿದಿರುವ ಕೆಲವೇ ದಾರಿಗಳಲ್ಲಿ ಯುನಿಕ್ಸ್ ಬಗೆಯ ಉಚಿತ ಓಎಸ್ ಆದ ಓಪನ್‌ಬಿಎಸ್‌ಡಿಯ ಐ386 (32-ಬಿಟ್) ಆವೃತ್ತಿ ಒಂದು. ಅದು ವರ್ಷಕ್ಕೆರಡು ಸಲ ಬಿಡುಗಡೆಯಾಗುತ್ತದೆ, ನಡುವೆ ಸ್ನ್ಯಾಪ್‌ಶಾಟ್‌ಗಳು (ಮುಂದಿನ ಬಿಡುಗಡೆಯ ಇನ್ನೂ ಮುಗಿಯದ ಪರೀಕ್ಷಾ ಪ್ರತಿಗಳು) ಬರುತ್ತಲೇ ಇರುತ್ತವೆ. ಎಲ್ಲ ಮಾದರಿಯ ಹಳೆ ಲ್ಯಾಪ್‌ಟಾಪ್‌ಗಳು ಡೆವಲಪರ್‌ಗಳ ಮೇಜಿನ ಮೇಲೆ ಇರುವುದಿಲ್ಲ. ಯಾರೂ ಪರೀಕ್ಷಿಸದ ಡ್ರೈವರ್ ಸದ್ದಿಲ್ಲದೆ ಕೆಡುತ್ತದೆ. ಅದು ಬಿಡುಗಡೆಗೆ ಮೊದಲೇ ಸಿಕ್ಕಿಬಿದ್ದರೆ ಸರಿಪಡಿಸುವುದು ಸುಲಭ, ಎರಡು ವರ್ಷ ಬಿಟ್ಟು ಸಿಕ್ಕರೆ ಯಾವ ಬದಲಾವಣೆಯಿಂದ ಕೆಟ್ಟಿತೆಂದು ಹುಡುಕುವುದೇ ದೊಡ್ಡ ಕೆಲಸ.

ಮೊದಲು ಯಂತ್ರ, ಆಮೇಲೆ ಓಎಸ್

ಹಾರ್ಡ್‌ವೇರ್ ದೋಷವನ್ನು ಓಎಸ್ ದೋಷವೆಂದು ವರದಿ ಮಾಡಿದರೆ ಡೆವಲಪರ್‌ನ ಹೊತ್ತು ಹಾಳು. ಹಾಗಾಗಿ ಇನ್‌ಸ್ಟಾಲ್ ಮಾಡುವ ಮುನ್ನ ಒಂದು ಇಡೀ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಂ ಓಡಿಸಿ. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಪಟ್ಟಿಯನ್ನು ತೆಗೆದಿಡಿ. ಆಮೇಲೆ ಡಿಸ್ಕಿನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಿ. 197 ಎಂಬ ಸಂಖ್ಯೆಯ ಸಾಲಿನಲ್ಲಿ (ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳು) ಸೊನ್ನೆಗಿಂತ ಹೆಚ್ಚಿದ್ದರೆ ಆ ಡಿಸ್ಕ್ ಬೇಡ. 199 ಎಂಬ ಸಂಖ್ಯೆಯ ಸಾಲು (ಸಿಆರ್‌ಸಿ ಎರರ್, ಅಂದರೆ ಸಾಗಾಟದಲ್ಲಿ ಡೇಟಾ ಕೆಟ್ಟ ಲೆಕ್ಕ) ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಡಿಸ್ಕಿನದಲ್ಲ, ಕೇಬಲ್ಲಿನದು. ಐಡಿಇ (ಹಳೆ ಬಗೆಯ ಅಗಲ ಪಟ್ಟಿ ಕೇಬಲ್‌ನ ಡಿಸ್ಕ್ ಸಂಪರ್ಕ) ಇರುವ ಡೆಸ್ಕ್‌ಟಾಪ್‌ಗೆ 80 ತಂತಿಯ ಕೇಬಲ್ಲನ್ನೇ ಹಾಕಿ. 40 ತಂತಿಯದಿದ್ದರೆ ವೇಗ ಅಲ್ಟ್ರಾ ಡಿಎಂಎ 33ರಲ್ಲೇ ನಿಲ್ಲುತ್ತದೆ, ನೀವು ಡ್ರೈವರ್ ನಿಧಾನವೆಂದು ಬರೆದು ಕಳಿಸುತ್ತೀರಿ.

ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಸಪಾಟಾಗಿರಬೇಕು. 2000ದ ಆಸುಪಾಸಿನ ಬೋರ್ಡ್‌ಗಳಲ್ಲಿ ಅವು ಉಬ್ಬುವುದು, ಒಸರುವುದು ತೀರಾ ಸಾಮಾನ್ಯ. ಉಬ್ಬಿದ್ದರೆ ಯಂತ್ರ ಮನಸ್ಸಿಗೆ ಬಂದಂತೆ ರೀಬೂಟ್ ಆಗುತ್ತದೆ. ಸಿಆರ್2032 ಸೆಲ್ಲನ್ನೂ ಬದಲಿಸಿಬಿಡಿ. ಅದು ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಆಗ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲವೆಂದು ಡೌನ್‌ಲೋಡ್ ನಿಲ್ಲುತ್ತದೆ.

ಇನ್‌ಸ್ಟಾಲ್

ಯುಎಸ್‌ಬಿಯಿಂದ ಬೂಟ್ ಆಗದ ಯಂತ್ರಕ್ಕೆ ಚಿಕ್ಕ ಸಿಡಿ ಇಮೇಜ್ ಬರೆದುಕೊಂಡು, ಉಳಿದ ಸೆಟ್‌ಗಳನ್ನು (ಓಎಸ್‌ನ ಫೈಲ್‌ಗಳ ಕಟ್ಟುಗಳು) ನೆಟ್‌ವರ್ಕ್‌ನಿಂದ ಇಳಿಸಿಕೊಳ್ಳಿ. ಇದಕ್ಕೆ ತಂತಿಯ ಈಥರ್‌ನೆಟ್ಟೇ ಬೇಕು. ಇಂಟೆಲ್ 2200ಬಿಜಿಯಂಥ ವೈಫೈ ಕಾರ್ಡಿಗೆ ಬೇರೆ ಫರ್ಮ್‌ವೇರ್ ಬೇಕು, ಅದನ್ನು ತರುವುದಕ್ಕೂ ಮೊದಲು ನೆಟ್ ಬೇಕಲ್ಲ. ಈಗಾಗಲೇ ಓಪನ್‌ಬಿಎಸ್‌ಡಿ ಇದ್ದರೆ ಸಿಸ್‌ಅಪ್‌ಗ್ರೇಡ್ ಕಮಾಂಡಿಗೆ ಮೈನಸ್ ಎಸ್ ಕೊಟ್ಟರೆ ಸಾಕು, ಸ್ನ್ಯಾಪ್‌ಶಾಟ್‌ಗೆ ಹೋಗುತ್ತದೆ. ಅದಕ್ಕೂ ಮುಂಚೆ ಈಗಿನ ಕರ್ನಲ್ಲನ್ನು ರೂಟ್ ಡೈರೆಕ್ಟರಿಯಲ್ಲೇ ಬೇರೆ ಹೆಸರಿನಲ್ಲಿ ಕಾಪಿ ಮಾಡಿಡಿ. ಇದೊಂದು ಸಾಲಿನ ಕೆಲಸ, ಮುಂದೆ ಇದೇ ನಿಮ್ಮನ್ನು ಕಾಪಾಡುತ್ತದೆ.

ಹೊಸಬರು ಎಡವುವ ಎರಡು ಜಾಗಗಳಿವೆ. ಪ್ಯಾಕೇಜ್ ಹಾಕುವಾಗ ಲೈಬ್ರರಿಯ ಆವೃತ್ತಿ ಹೊಂದುತ್ತಿಲ್ಲ ಎಂದರೆ ಬೇಸ್ (ಓಎಸ್‌ನ ಮೂಲ ಭಾಗ) ಮುಂದೆ ಹೋಗಿದೆ, ಪ್ಯಾಕೇಜ್‌ಗಳು ಇನ್ನೂ ಬಿಲ್ಡ್ ಆಗುತ್ತಿವೆ ಎಂದರ್ಥ. ಐ386ರಲ್ಲಿ ಪ್ಯಾಕೇಜ್ ಬಿಲ್ಡ್ ನಿಧಾನ, ಕೆಲವು ದಿನ ಕಾಯಿರಿ. ಬಿಡುಗಡೆ ಹತ್ತಿರ ಬಂದಾಗ ಸ್ನ್ಯಾಪ್‌ಶಾಟ್‌ನ ಹೆಸರಿನಿಂದ ‘ಕರೆಂಟ್’ ಎಂಬ ಬಾಲ ಬಿದ್ದುಹೋಗುತ್ತದೆ. ಆಗ ಪ್ಯಾಕೇಜ್ ಕಮಾಂಡ್ ಇನ್ನೂ ಹುಟ್ಟದ ಬಿಡುಗಡೆಯ ಡೈರೆಕ್ಟರಿಯನ್ನು ಹುಡುಕಿ ಸೋಲುತ್ತದೆ. ಆ ಕಮಾಂಡಿನ ದೊಡ್ಡ ಡಿ ಆಯ್ಕೆಗೆ ‘ಸ್ನ್ಯಾಪ್’ ಎಂದು ಕೊಟ್ಟರೆ ಸರಿಹೋಗುತ್ತದೆ.

ಬೂಟ್ ಆದ ತಕ್ಷಣ ವೇಗ ಅಳೆಯಲು ಹೋಗಬೇಡಿ. ಓಪನ್‌ಬಿಎಸ್‌ಡಿ ಪ್ರತಿ ಬೂಟ್‌ನಲ್ಲೂ ಮುಂದಿನ ಸಲಕ್ಕೆಂದು ಕರ್ನಲ್ಲನ್ನು ಬೇರೆ ಕ್ರಮದಲ್ಲಿ ಹಿನ್ನೆಲೆಯಲ್ಲಿ ಲಿಂಕ್ ಮಾಡುತ್ತದೆ. ಹೊಸ ಯಂತ್ರದಲ್ಲಿ ಗೊತ್ತೇ ಆಗುವುದಿಲ್ಲ. 256 ಎಂಬಿ ರ‍್ಯಾಮ್‌ನ ಯಂತ್ರದಲ್ಲಿ ಮಾತ್ರ ಡಿಸ್ಕ್ ಕರಕರ ಎನ್ನುತ್ತಲೇ ಇರುತ್ತದೆ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ‘ಟಾಪ್’ ಕಮಾಂಡಿನಲ್ಲಿ ‘ಎಲ್‌ಡಿ’ (ಲಿಂಕ್ ಮಾಡುವ ಪ್ರೋಗ್ರಾಂ) ಮಾಯವಾದ ಮೇಲೆ ಅಳತೆ ಶುರುಮಾಡಿ.

ಪರೀಕ್ಷೆಯಲ್ಲಿ ಸಸ್ಪೆಂಡ್‌ಗೆ ಹೆಚ್ಚು ಹೊತ್ತು ಕೊಡಿ. ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಕೆಡುವುದೇ ಅದು. ಒಂದು ಸಲ ಮಲಗಿ ಎದ್ದರೆ ಸಾಲದು. ಹತ್ತು ಸಲ ಮಾಡಿ, ಪ್ರತಿ ಸಲ ನೆಟ್‌ವರ್ಕ್, ಸೌಂಡ್, ಯುಎಸ್‌ಬಿ ಮತ್ತೆ ಎದ್ದವೇ ನೋಡಿ. ಚಾರ್ಜರ್ ಹಾಕಿದಾಗ, ತೆಗೆದಾಗ ಎರಡರಲ್ಲೂ ನೋಡಿ. ಪೆಂಟಿಯಂ 3ರಲ್ಲಿ ದೊಡ್ಡ ಪ್ರೋಗ್ರಾಂ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಸತ್ತರೆ ಕರ್ನಲ್ಲನ್ನು ದೂರಬೇಡಿ: ಆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ2 ಎಂಬ ಆಜ್ಞೆಗಳ ಗುಂಪು ಇಲ್ಲ, ಆ ಪ್ರೋಗ್ರಾಂ ಅದನ್ನು ಬಯಸುತ್ತಿದೆ.

ಪ್ಯಾನಿಕ್ ಆದಾಗ

ಗ್ರಾಫಿಕ್ಸ್ ಪರದೆ ತೆರೆದಿದ್ದಾಗ ಕರ್ನಲ್ ಪ್ಯಾನಿಕ್ ಆದರೆ (ಮುಂದುವರಿಯಲಾಗದ ತಪ್ಪು ಕಂಡು ಕರ್ನಲ್ ತಾನೇ ನಿಂತರೆ) ಸುಮ್ಮನೆ ಹೆಪ್ಪುಗಟ್ಟಿದಂತೆ ಕಾಣುತ್ತದೆ, ಸಂದೇಶ ಕಾಣಿಸುವುದಿಲ್ಲ. ಇದಕ್ಕೆ ಸೀರಿಯಲ್ ಕನ್ಸೋಲ್‌ಗಿಂತ (ಸಂದೇಶಗಳನ್ನು ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರ್‌ಗೆ ಕಳಿಸುವುದು) ಒಳ್ಳೆಯ ಉಪಾಯವಿಲ್ಲ. 9 ಪಿನ್ ಸೀರಿಯಲ್ ಪೋರ್ಟ್ ಇರುವ ಯಂತ್ರ ಸಿಕ್ಕರೆ ಅದನ್ನೇ ಪರೀಕ್ಷೆಗೆ ಆರಿಸಿ. ಬೇಕಾಗುವುದು ಒಂದು ನಲ್-ಮೋಡೆಮ್ ಕೇಬಲ್, ಇನ್ನೊಂದು ತುದಿಗೆ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್, ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಜಾಗದಲ್ಲಿ ಹುಡುಕಬಹುದು. ಕೇಬಲ್ ಸಿಗದಿದ್ದರೆ ಮೂರೇ ತಂತಿಯಲ್ಲಿ ಬೆಸುಗೆ ಹಾಕಿಕೊಳ್ಳಿ: ಈ ಬದಿಯ 2 ಆ ಬದಿಯ 3ಕ್ಕೆ, ಈ ಬದಿಯ 3 ಆ ಬದಿಯ 2ಕ್ಕೆ, 5 ನೇರವಾಗಿ 5ಕ್ಕೆ. ಇನ್ನೊಂದು ಕಂಪ್ಯೂಟರ್‌ನ ಟರ್ಮಿನಲ್ಲನ್ನು 9600 ವೇಗಕ್ಕೆ ಇಟ್ಟು, ಫ್ಲೋ ಕಂಟ್ರೋಲ್ ಆಫ್ ಮಾಡಿ. ಮೂರು ತಂತಿಯಲ್ಲಿ ಅದು ಆನ್ ಇದ್ದರೆ ಒಂದಕ್ಷರವೂ ದಾಟದೆ ಹೋಗಬಹುದು. ಪರೀಕ್ಷೆಯ ಯಂತ್ರದ ಬೂಟ್ ಪ್ರಾಂಪ್ಟ್‌ನಲ್ಲಿ (ಕರ್ನಲ್ ಲೋಡ್ ಆಗುವ ಮೊದಲು ಬರುವ ಕಮಾಂಡ್ ಸಾಲು) ‘ಸೆಟ್ ಟಿಟಿವೈ ಕಾಮ್0’ ಎಂದು ಟೈಪ್ ಮಾಡಿ.

ಪ್ಯಾನಿಕ್ ಆದೊಡನೆ ಡಿಡಿಬಿ ಎಂಬ ಡೀಬಗರ್ ತೆರೆದುಕೊಳ್ಳುತ್ತದೆ. ಪವರ್ ಬಟನ್ ಒತ್ತುವ ಆತುರ ಬೇಡ. ‘ಶೋ ಪ್ಯಾನಿಕ್’, ‘ಟ್ರೇಸ್’, ‘ಪಿಎಸ್’, ‘ಶೋ ರಿಜಿಸ್ಟರ್ಸ್’ ಇಷ್ಟನ್ನಾದರೂ ಕೊಟ್ಟು ಬಂದದ್ದೆಲ್ಲ ಉಳಿಸಿಕೊಳ್ಳಿ. ಸೀರಿಯಲ್ ಇಲ್ಲದಿದ್ದರೆ ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆದು, ನೋಡಿಕೊಂಡು ಟೈಪ್ ಮಾಡಿ. ಬೂಟ್ ಆಗುವಾಗಲೇ ನಿಂತುಬಿಟ್ಟರೆ ಬೂಟ್ ಪ್ರಾಂಪ್ಟ್‌ನಲ್ಲಿ ‘ಬೂಟ್’ಗೆ ಮೈನಸ್ ಸಿ ಸೇರಿಸಿ, ಅನುಮಾನ ಇರುವ ಡ್ರೈವರ್ ಒಂದೊಂದನ್ನೇ ‘ಡಿಸೇಬಲ್’ ಮಾಡುತ್ತ ಹೋಗಿ. ಯಾವುದನ್ನು ತೆಗೆದಾಗ ಬೂಟ್ ಆಯಿತು ಎನ್ನುವುದೇ ವರದಿಯ ಅರ್ಧ ಭಾಗ.

ಇನ್ನರ್ಧ, ಯಾವ ದಿನದವರೆಗೆ ಸರಿಯಿತ್ತು ಎನ್ನುವುದು. ಕಾಪಿ ಮಾಡಿಟ್ಟ ಹಳೆ ಕರ್ನಲ್‌ನ ಹೆಸರನ್ನು ಬೂಟ್ ಪ್ರಾಂಪ್ಟ್‌ನಲ್ಲಿ ಕೊಟ್ಟು ನೋಡಿ. ಅದರಲ್ಲಿ ಸರಿಯಿದ್ದರೆ ದೋಷ ಕರ್ನಲ್‌ನದು. ಸೋರ್ಸ್ ಕೋಡನ್ನು ಸಿವಿಎಸ್‌ನಿಂದ (ಕೋಡಿನ ಪ್ರತಿ ಬದಲಾವಣೆಯನ್ನೂ ಇಟ್ಟುಕೊಳ್ಳುವ ವ್ಯವಸ್ಥೆ) ತಾರೀಖು ಕೊಟ್ಟು ತೆಗೆದುಕೊಳ್ಳಬಹುದು. ಸರಿಯಿದ್ದ ದಿನ, ಕೆಟ್ಟ ದಿನಗಳ ನಡುವಿನ ತಾರೀಖಿನ ಕರ್ನಲ್ ಕಟ್ಟಿ ನೋಡಿ, ಪ್ರತಿ ಸಲ ಅಂತರವನ್ನು ಅರ್ಧ ಮಾಡಿ. ಹದಿನಾರು ದಿನದ ಅಂತರವಾದರೆ ನಾಲ್ಕು ಬಿಲ್ಡ್‌ಗೆ ಮುಗಿಯುತ್ತದೆ. ಹಳೆ ಯಂತ್ರದಲ್ಲೇ ಕಂಪೈಲ್ ಮಾಡಿದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೊಸ ಕಂಪ್ಯೂಟರ್‌ನ ವರ್ಚುವಲ್ ಮಷಿನ್‌ನಲ್ಲಿ ಐ386 ಆವೃತ್ತಿಯನ್ನೇ ಹಾಕಿ, ಅಲ್ಲಿ ಕಟ್ಟಿದ ಕರ್ನಲ್ ಫೈಲನ್ನು ಹಳೆ ಯಂತ್ರಕ್ಕೆ ತನ್ನಿ.

ವರದಿ

ಎಲ್ಲ ಸರಿಯಿದ್ದರೂ ಡಿಮೆಸೇಜ್‌ನ (dmesg, ಬೂಟ್ ಆಗುವಾಗ ಕರ್ನಲ್ ಕೊಡುವ ಹಾರ್ಡ್‌ವೇರ್ ಸಂದೇಶಗಳು) ಪೂರ್ತಿ ಪಠ್ಯವನ್ನು ಅದಕ್ಕೆಂದೇ ಇರುವ ಓಪನ್‌ಬಿಎಸ್‌ಡಿಯ ಇಮೇಲ್ ವಿಳಾಸಕ್ಕೆ ಕಳಿಸಿ, ವಿಷಯದ ಸಾಲಿನಲ್ಲಿ ಯಂತ್ರದ ಮಾದರಿ ಬರೆಯಿರಿ. ಯಾವ ಹಾರ್ಡ್‌ವೇರ್ ಇನ್ನೂ ಬಳಕೆಯಲ್ಲಿದೆ ಎಂದು ಅವರಿಗೆ ತಿಳಿಯುವುದು ಹೀಗೆಯೇ. ದೋಷವಿದ್ದರೆ ಸೆಂಡ್‌ಬಗ್ ಕಮಾಂಡ್ ಬಳಸಿ. ರೂಟ್ ಆಗಿ ಓಡಿಸಿದರೆ ಪಿಸಿಐ, ಯುಎಸ್‌ಬಿ, ಎಸಿಪಿಐ ವಿವರಗಳನ್ನು ತಾನೇ ಸೇರಿಸುತ್ತದೆ. ಡಿಮೆಸೇಜ್ ಉದ್ದವಾಯಿತೆಂದು ಕತ್ತರಿಸಬೇಡಿ, ಬಿಟ್ಟುಹೋದ ಸಾಲನ್ನೇ ಅವರು ಕೇಳುತ್ತಾರೆ. ಸ್ಕ್ರೀನ್‌ಶಾಟ್ ಬೇಡ, ಪಠ್ಯವನ್ನು ಮೇಲ್‌ನ ಒಳಗೇ ಅಂಟಿಸಿ. ಹತ್ತರಲ್ಲಿ ಎಷ್ಟು ಸಲ ಕೆಟ್ಟಿತು ಎಂದೂ ಬರೆಯಿರಿ.

ಉತ್ತರವಾಗಿ ಒಂದು ಪ್ಯಾಚ್ (ಕೋಡಿನ ತಿದ್ದುಪಡಿ) ಬರಬಹುದು. ಅಲ್ಲಿಯವರೆಗೆ ಯಂತ್ರವನ್ನು ಇದ್ದಂತೆಯೇ ಬಿಡಿ: ರ‍್ಯಾಮ್ ಬದಲಿಸಬೇಡಿ, ಬಯಾಸ್ ಅಪ್‌ಡೇಟ್ ಮಾಡಬೇಡಿ, ಡಿಸ್ಕ್ ಅಳಿಸಬೇಡಿ. ಪ್ಯಾಚ್ ಹಾಕುವ ಮುಂಚೆ ದೋಷ ಈಗಲೂ ಬರುತ್ತದೆಯೇ ಎಂದು ಒಮ್ಮೆ ಖಾತ್ರಿ ಮಾಡಿಕೊಂಡು, ಹಾಕಿದ ಮೇಲೆ ಅದೇ ಹತ್ತು ಸಲದ ಪರೀಕ್ಷೆ ಮತ್ತೆ ಮಾಡಿ, ಎರಡರ ಫಲಿತಾಂಶವನ್ನೂ ಹೊಸ ಡಿಮೆಸೇಜ್ ಜೊತೆ ಅದೇ ಮೇಲ್‌ಗೆ ಉತ್ತರವಾಗಿ ಕಳಿಸಿ.